ಜೋಡಿ ಬೀಗದಿಂದ ಗುಪ್ತಪದದವರೆಗೆ: ಬ್ಯಾಂಕು ಖಾತೆಯ ಕಾವಲಿನ ಇತಿಹಾಸ

ಗಳಿಸಿದ ಹಣವನ್ನು ಕಾಯುವ ವಿದ್ಯೆಗೂ ಒಂದು ಇತಿಹಾಸವಿದೆ. ಅರಸರ ಭಂಡಾರ, ದೇವಸ್ಥಾನದ ಹುಂಡಿ, ಸಾಹುಕಾರನ ತಿಜೋರಿ, ಬ್ಯಾಂಕಿನ ಭದ್ರಕೋಣೆ ಇವೆಲ್ಲ ಆ ಇತಿಹಾಸದ ಒಂದೊಂದು ಘಟ್ಟ. ಈಚಿನ ಘಟ್ಟವೆಂದರೆ ನಮ್ಮ ಕಿಸೆಯಲ್ಲಿರುವ ಮೊಬೈಲು. ಈ ಕಾವಲಿನ ರೀತಿ ಹೇಗೆ ಬದಲಾಯಿತು, ಬದಲಾಗುವಾಗ ನಾವು ಏನನ್ನು ಮರೆತೆವು, ಕಂಪ್ಯೂಟರಿಗೋ ಮೊಬೈಲಿಗೋ ಕುತಂತ್ರಾಂಶದ ಸೋಂಕು ತಗುಲಿದಾಗ ಖಾತೆಯನ್ನು ಉಳಿಸಿಕೊಳ್ಳಲು ಆ ಮರೆತ ಪಾಠವೇ ಹೇಗೆ ನೆರವಾಗುತ್ತದೆ ಎಂಬುದನ್ನು ವಿಜಯವಾಡ, ವಿಶಾಖಪಟ್ಟಣಗಳ ನಿದರ್ಶನಗಳೊಡನೆ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವಿದೆ. 1980ರ ದಶಕದ ಆರಂಭದಲ್ಲಿ ನಾನು ವಿಜಯವಾಡದ ಗವರ್ನರ್‌ಪೇಟೆಯ ಒಂದು ಬ್ಯಾಂಕು ಶಾಖೆಯಲ್ಲಿ ಅಧಿಕಾರಿಯಾಗಿದ್ದೆ. ಆಗ ನಮ್ಮ ಹೆಡ್ ಕ್ಯಾಷಿಯರ್ ಆಗಿದ್ದವರು ಕುಂದಾಪುರದ ಕಡೆಯವರು. ಲೆಕ್ಕ ತಾಳೆಯಾಗದೆ ಒಂದು ಸಂಜೆಯೂ ಮನೆಗೆ ಹೋದವರಲ್ಲ. ನಿವೃತ್ತರಾದ ಮೇಲೆ ಮಗನ ಜತೆ ವಿಶಾಖಪಟ್ಟಣದಲ್ಲಿ ನೆಲೆಸಿದ್ದಾರೆ. ಕಳೆದ ವರ್ಷ ಅವರ ಮೊಬೈಲಿಗೆ ಪರಿಚಿತರೊಬ್ಬರ ಹೆಸರಿನಿಂದ ಮದುವೆಯ ಕರೆಯೋಲೆಯೊಂದು ಬಂತು. ಒತ್ತಿದರೆ ಕರೆಯೋಲೆ ತೆರೆಯಲಿಲ್ಲ, ಏನೋ ಒಂದು ಆ್ಯಪ್ ಕೂತಿತು. ಸಂಜೆ ಮೊಮ್ಮಗ ನೋಡಿ, “ಅಜ್ಜ, ಇದು ವೈರಸ್” ಎಂದ. ಅಜ್ಜ ಗಾಬರಿಯಾದರೂ ಬುದ್ಧಿ ಓಡಿಸಿ, ಕೂಡಲೆ ಅದೇ ಫೋನಿನಲ್ಲಿ ಬ್ಯಾಂಕಿನ ಪಾಸ್‌ವರ್ಡನ್ನು ಬದಲಾಯಿಸಿದರು. ಬೆಳಗಾಗುವಷ್ಟರಲ್ಲಿ ಮೂರು ಕಂತಿನಲ್ಲಿ 1 ಲಕ್ಷ 80 ಸಾವಿರ ರೂಪಾಯಿ ಹೋಗಿತ್ತು.

ನನಗೆ ಫೋನು ಮಾಡಿದಾಗ ಅವರ ಧ್ವನಿ ಕುಗ್ಗಿತ್ತು. “ಪಾಸ್‌ವರ್ಡ್ ಬದಲಾಯಿಸಿದೆ ಮಾರಾಯ್ರೆ, ಆದರೂ ಹೋಯಿತಲ್ಲ. ಮೂವತ್ತು ವರ್ಷ ಊರಿನವರ ದುಡ್ಡು ಕಾದವ ನಾನು” ಎಂದರು. ಬದಲಾಯಿಸಿದ್ದು ತಪ್ಪಲ್ಲ, ಬದಲಾಯಿಸಿದ ಜಾಗ ತಪ್ಪಾಯಿತು ಎಂದು ಹೇಳಿದೆ. ಆ ಮಾತನ್ನು ವಿವರಿಸಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಎರಡು ಕೈ, ಒಂದು ಬಾಗಿಲು

ಹಣದ ವ್ಯವಹಾರದಲ್ಲಿ ಒಬ್ಬನ ಮಾತನ್ನೇ ನಂಬಬಾರದೆಂಬ ನಿಯಮ ಬ್ಯಾಂಕುಗಳಿಗಿಂತ ಹಳೆಯದು. ಹುಂಡಿಯ ಕಾಲದಲ್ಲಿ ಶಾಹ್‌ಜೋಗ್ ಎಂಬ ಬಗೆಯ ಹುಂಡಿಯ ಹಣವನ್ನು ಪೇಟೆಯಲ್ಲಿ ಹೆಸರಿದ್ದ ಸಾಹುಕಾರನಿಗೆ ಮಾತ್ರ, ಅಥವಾ ಅವನ ಮೂಲಕ ಮಾತ್ರ, ಕೊಡುತ್ತಿದ್ದರು. ಕಾಗದ ತಂದವನ ಕೈಯಲ್ಲಿ ಕಾಗದವಿದ್ದರೆ ಸಾಲದು, ಅವನ ಪರವಾಗಿ ನಿಲ್ಲುವ ಇನ್ನೊಬ್ಬ ಬೇಕು. ಹುಂಡಿ ಕಳೆದುಹೋದರೆ ‘ಪೈಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರ್‌ಪೈಠ್’ ಎಂಬ ಮೂರನೆಯ ಪ್ರತಿ ಬರೆದುಕೊಡುವ ಕ್ರಮವಿತ್ತು. ಕಳವಾದ ಮೇಲೆ ಏನು ಮಾಡಬೇಕೆಂಬುದನ್ನು ಕಳವಿಗೆ ಮುಂಚೆಯೇ ಗೊತ್ತುಮಾಡಿಕೊಂಡಿದ್ದರು.

ಬ್ಯಾಂಕುಗಳು ಬಂದ ಮೇಲೆ ಇದೇ ನಿಯಮ ಕಬ್ಬಿಣದ ರೂಪ ತಾಳಿತು. ಭದ್ರಕೋಣೆಯ ಬಾಗಿಲಿಗೆ ಎರಡು ಬೀಗ. ಒಂದರ ಕೈ ಮ್ಯಾನೇಜರ್ ಅಥವಾ ಅಕೌಂಟೆಂಟರ ಬಳಿ, ಇನ್ನೊಂದರ ಕೈ ಹೆಡ್ ಕ್ಯಾಷಿಯರ್ ಬಳಿ. ಇಬ್ಬರೂ ನಿಂತು ತೆರೆದರೆ ಮಾತ್ರ ಬಾಗಿಲು ತೆರೆಯಬೇಕು. ಜಾಯಿಂಟ್ ಕಸ್ಟಡಿ ಎಂದು ಇದಕ್ಕೆ ಹೆಸರು. ನಕಲಿ ಕೈಗಳನ್ನು ಮೊಹರು ಮಾಡಿ ಬೇರೊಂದು ಶಾಖೆಯಲ್ಲಿ ಇಡುತ್ತಿದ್ದರು. ಒಬ್ಬರು ರಜೆ ಹೋಗುವಾಗ ತಮ್ಮ ಕೈಯನ್ನು ಇನ್ನೊಬ್ಬರಿಗೇ ಕೊಟ್ಟು ಹೋಗುವುದು ದೊಡ್ಡ ಅಪರಾಧ. ಎರಡು ಕೈಗಳೂ ಒಂದೇ ಕಿಸೆ ಸೇರಿದರೆ ಎರಡು ಬೀಗವಿದ್ದೂ ಇಲ್ಲದಂತೆ ಎಂಬುದು ಬ್ಯಾಂಕಿಗೆ ಸೇರಿದ ಹೊಸ ಗುಮಾಸ್ತನಿಗೂ ಗೊತ್ತಿತ್ತು.

ಚೆಕ್ಕಿನ ಪಾವತಿಯೂ ಹಾಗೆಯೇ. ಗಿರಾಕಿ ಚೆಕ್ ಕೊಟ್ಟರೆ ಕೌಂಟರಿನ ಗುಮಾಸ್ತ ಹಿತ್ತಾಳೆಯ ಟೋಕನ್ ಕೊಡುತ್ತಿದ್ದ. ಚೆಕ್ಕು ಲೆಡ್ಜರಿನಲ್ಲಿ ಬರೆಯಲ್ಪಟ್ಟು, ಅಧಿಕಾರಿಯ ಮೇಜಿಗೆ ಹೋಗಿ, ಅಲ್ಲಿ ಮಾದರಿ ಸಹಿಯ ಕಾರ್ಡಿನೊಡನೆ ಹೋಲಿಸಿ ನೋಡಿದ ಬಳಿಕ ಕ್ಯಾಷಿಯರನ ಕೈಗೆ ಬರುತ್ತಿತ್ತು. ಕ್ಯಾಷಿಯರ್ ಟೋಕನ್ ನಂಬರು ಕೂಗಿ, ಎದುರು ನಿಂತವರ ಮುಖ ನೋಡಿ ಹಣ ಕೊಡುತ್ತಿದ್ದ. ನೂರು ರೂಪಾಯಿಗೆ ಅರ್ಧ ಗಂಟೆ ಕಾಯಬೇಕೆ ಎಂದು ಜನ ಗೊಣಗುತ್ತಿದ್ದುದು ನಿಜ. ಆದರೆ ಆ ಅರ್ಧ ಗಂಟೆಯಲ್ಲಿ ಮೂರು ನಾಲ್ಕು ಜೊತೆ ಕಣ್ಣುಗಳು ಆ ಚೆಕ್ಕನ್ನು ನೋಡುತ್ತಿದ್ದವು.

ತಂತಿಯ ಮೂಲಕ ಹಣ ಕಳಿಸುವಾಗ ಎದುರಿಗೆ ಮುಖವೂ ಇಲ್ಲ, ಸಹಿಯೂ ಇಲ್ಲ. ಅದಕ್ಕಾಗಿ ಬ್ಯಾಂಕುಗಳು ಗುಪ್ತ ಸಂಕೇತದ ಪುಸ್ತಕಗಳನ್ನು ಇಟ್ಟುಕೊಂಡಿದ್ದವು. ಕಳಿಸುವ ಶಾಖೆ ಆ ಪುಸ್ತಕದ ಪ್ರಕಾರ ಒಂದು ಪರೀಕ್ಷಾ ಸಂಖ್ಯೆಯನ್ನು ಲೆಕ್ಕಹಾಕಿ ತಂತಿಯಲ್ಲಿ ಸೇರಿಸುತ್ತಿತ್ತು. ಪಡೆಯುವ ಶಾಖೆ ತನ್ನ ಬಳಿಯ ಪುಸ್ತಕದಿಂದ ಅದೇ ಲೆಕ್ಕ ಮಾಡಿ, ಎರಡೂ ತಾಳೆಯಾದರೆ ಮಾತ್ರ ಹಣ ಕೊಡುತ್ತಿತ್ತು. ಪುಸ್ತಕವಾದರೋ ಅಧಿಕಾರಿಯ ಬೀಗದೊಳಗೆ. ಈಗ ಮೊಬೈಲಿಗೆ ಬರುವ ಓಟಿಪಿಯ ಮುತ್ತಜ್ಜ ಈ ಪರೀಕ್ಷಾ ಸಂಖ್ಯೆ ಎಂದರೆ ತಪ್ಪಾಗಲಾರದು.

ಕರಾವಳಿಯಿಂದ ಕರಾವಳಿಗೆ

ನಮ್ಮ ದಕ್ಷಿಣ ಕನ್ನಡಕ್ಕೂ ಕೃಷ್ಣೆಯ ಮುಖಜ ಭೂಮಿಗೂ ಬ್ಯಾಂಕಿನ ಇತಿಹಾಸದಲ್ಲಿ ಒಂದು ಸಾಮ್ಯವಿದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಪ್ರಸಿದ್ಧವಾದ ಸಂಸ್ಥೆಯನ್ನೂ, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನೂ ಸ್ಥಾಪಿಸಿದರು. ವಿಜಯವಾಡಕ್ಕೆ ಸಮೀಪದ ಮಚಲೀಪಟ್ಟಣದಲ್ಲಿ ಡಾ. ಭೋಗರಾಜು ಪಟ್ಟಾಭಿ ಸೀತಾರಾಮಯ್ಯನವರು 1923ರ ನವೆಂಬರಿನಲ್ಲಿ ಆಂಧ್ರ ಬ್ಯಾಂಕನ್ನು ಆರಂಭಿಸಿದರು. ವಿಶಾಖಪಟ್ಟಣದ ಸಹಕಾರಿ ಬ್ಯಾಂಕು ಅದಕ್ಕೂ ಹಳೆಯದು, 1916ರದು. ಇವೆಲ್ಲ ಸಣ್ಣ ಊರುಗಳಲ್ಲಿ, ಪರಸ್ಪರ ಮುಖ ಬಲ್ಲವರ ನಡುವೆ ಬೆಳೆದ ಸಂಸ್ಥೆಗಳು. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನ ಪೂರ್ವಸಂಸ್ಥೆ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಂತೂ ಬ್ಯಾಂಕೇ ಮನೆಬಾಗಿಲಿಗೆ ಬಂದು ನಾಲ್ಕಾಣೆ, ಎಂಟಾಣೆ ಪಡೆಯುತ್ತಿತ್ತು. ಏಜೆಂಟನ ಪುಸ್ತಕದಲ್ಲೊಂದು ನಮೂದು, ಠೇವಣಿದಾರನ ಕೈಯಲ್ಲೊಂದು ನಮೂದು. ಅಲ್ಲಿಯೂ ಎರಡು ಸಾಕ್ಷಿ.

1969 ಮತ್ತು 1980ರ ರಾಷ್ಟ್ರೀಕರಣಗಳ ಕಾಲಕ್ಕೆ ಈ ಬ್ಯಾಂಕುಗಳು ದೇಶದುದ್ದಕ್ಕೂ ಹರಡಿದವು. ನಮ್ಮ ಕಡೆಯ ಎಷ್ಟೋ ತರುಣರು ವರ್ಗಾವಣೆಯ ಆದೇಶ ಹಿಡಿದು ಕೃಷ್ಣಾ, ಗೋದಾವರಿ ತೀರಗಳಿಗೆ ಹೋಗಿ ತೆಲುಗು ಕಲಿತರು. 2020ರ ಏಪ್ರಿಲ್ 1ರಂದು ಉಡುಪಿಯ ಕಾರ್ಪೊರೇಷನ್ ಬ್ಯಾಂಕು, ಮಚಲೀಪಟ್ಟಣದ ಆಂಧ್ರ ಬ್ಯಾಂಕು ಎರಡೂ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಅದೇ ದಿನ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕನ್ನು ಸೇರಿತು. ಹೆಸರುಗಳು ಹೋದವು. ಮುಖ ನೋಡಿ ಹಣ ಕೊಡುವ ಪದ್ಧತಿ ಅದಕ್ಕೂ ಮೊದಲೇ ಹೋಗಿತ್ತು.

ಲೆಡ್ಜರಿನಿಂದ ಜಾಲಕ್ಕೆ

ಬ್ಯಾಂಕಿನೊಳಗೆ ಕಂಪ್ಯೂಟರು ಬಂದದ್ದು ವಿರೋಧದ ನಡುವೆ. 1983ರಲ್ಲಿ ನೌಕರ ಸಂಘಗಳಿಗೂ ಬ್ಯಾಂಕುಗಳ ಸಂಘಕ್ಕೂ ಯಂತ್ರೀಕರಣದ ಬಗ್ಗೆ ಒಪ್ಪಂದವಾಯಿತು. 1984ರಲ್ಲಿ ಡಾ. ಸಿ. ರಂಗರಾಜನ್ ಸಮಿತಿ ವರದಿ ಕೊಟ್ಟಿತು. ನಾವೆಲ್ಲ ಆಗ ಅಂಜಿದ್ದು ಕೆಲಸ ಹೋದೀತೆಂದು. ಗಿರಾಕಿಯ ಮನೆಯೇ ಬ್ಯಾಂಕಿನ ಕೌಂಟರ್ ಆದೀತು, ಕಳ್ಳ ಅಲ್ಲಿಗೇ ಬಂದು ಕೂತಾನು ಎಂದು ಯಾರೂ ಯೋಚಿಸಲಿಲ್ಲ.

1996ರಲ್ಲಿ ಐಸಿಐಸಿಐ ಬ್ಯಾಂಕು ಭಾರತದಲ್ಲಿ ಇಂಟರ್‌ನೆಟ್ ಬ್ಯಾಂಕಿಂಗನ್ನು ಮೊದಲುಮಾಡಿತು. ಐಟಿ ಕಾಯ್ದೆ 2000ದ ಅಕ್ಟೋಬರ್ 17ರಂದು ಜಾರಿಗೆ ಬಂತು. 2001ರ ಜೂನ್ 14ರಂದು ರಿಸರ್ವ್ ಬ್ಯಾಂಕು ಈ ಬಗೆಯ ಬ್ಯಾಂಕಿಂಗಿಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಒಂದು ಮಾತು ಗಮನಾರ್ಹ. ಆಗಿನ ಕಾಯ್ದೆ ಮನ್ನಿಸುತ್ತಿದ್ದುದು ಡಿಜಿಟಲ್ ಸಹಿಯನ್ನು ಮಾತ್ರ. ಆದ್ದರಿಂದ ಪಾಸ್‌ವರ್ಡ್ ಮುಂತಾದ ಬೇರೆ ವಿಧಾನಗಳನ್ನು ಬಳಸುವ ಬ್ಯಾಂಕುಗಳು ಅದನ್ನು ಕಾನೂನಿನ ಅಪಾಯವೆಂದು ಪರಿಗಣಿಸಬೇಕು ಎಂದು ಅದು ಎಚ್ಚರಿಸಿತ್ತು. ಎಚ್ಚರಿಕೆ ಕಾಗದದಲ್ಲಿ ಉಳಿಯಿತು. ಪಾಸ್‌ವರ್ಡ್ ಎಲ್ಲೆಡೆ ಬಂತು.

ಒಂದೇ ಗುಪ್ತಪದ ಎಂದರೆ ಒಂದೇ ಬೀಗ. ಇದು ಸಾಲದೆಂದು ಬೇಗನೆ ಮನವರಿಕೆಯಾಯಿತು. ಕಾರ್ಡನ್ನು ಕಣ್ಣಿಗೆ ತೋರದೆ ಜಾಲದಲ್ಲಿ ಮಾಡುವ ಪಾವತಿಗಳಿಗೆ 2009ರ ಆಗಸ್ಟ್ 1ರಿಂದ ಎರಡನೆಯ ದೃಢೀಕರಣ ಕಡ್ಡಾಯವಾಯಿತು. ನಮಗೆ ತಿಳಿದಿದ್ದು ಒಂದು, ನಮ್ಮ ಬಳಿ ಇರುವುದು ಇನ್ನೊಂದು: ಪಾಸ್‌ವರ್ಡ್ ಮನಸ್ಸಿನಲ್ಲಿ, ಓಟಿಪಿ ಮೊಬೈಲಿನಲ್ಲಿ. ಹಳೆಯ ಜೋಡಿ ಬೀಗ ಹೊಸ ವೇಷದಲ್ಲಿ ಮರಳಿ ಬಂತು. ಕಂಪ್ಯೂಟರು ಮೇಜಿನ ಮೇಲೆ, ಫೋನು ಕಿಸೆಯಲ್ಲಿ ಇದ್ದಷ್ಟು ಕಾಲ ಅದು ನಿಜವಾಗಿಯೂ ಜೋಡಿ ಬೀಗವೇ ಆಗಿತ್ತು.

ಕುತಂತ್ರಾಂಶ ಬೆಳೆದ ಬಗೆ

ಇತ್ತ ಕಳ್ಳನ ವಿದ್ಯೆಯೂ ಬೆಳೆಯುತ್ತಿತ್ತು. ಆರಂಭದ ವೈರಸ್ಸುಗಳು ಬಹುಮಟ್ಟಿಗೆ ತುಂಟತನದವು. ಹಣಕ್ಕಾಗಿಯೇ ರೂಪುಗೊಂಡವುಗಳಲ್ಲಿ ಹೆಸರಾದದ್ದು 2007ರಲ್ಲಿ ಪತ್ತೆಯಾದ, ಗ್ರೀಕರ ದೇವರಾಜನ ಹೆಸರಿನ ‘ಝ್ಯೂಸ್’. ಇದು ಕಂಪ್ಯೂಟರಿನಲ್ಲಿ ಅಡಗಿ ಕೂತು, ಗಿರಾಕಿ ಬ್ಯಾಂಕಿನ ಪುಟ ತೆರೆದಾಗ ಎಚ್ಚರಗೊಳ್ಳುತ್ತದೆ. ಬೆರಳಿನ ಒಂದೊಂದು ಒತ್ತನ್ನೂ ಬರೆದುಕೊಳ್ಳುತ್ತದೆ. ಬ್ಯಾಂಕಿನ ನಿಜವಾದ ಪುಟದಲ್ಲಿಯೇ ತನ್ನದೊಂದು ಖಾನೆ ಸೇರಿಸಿ, ಕಾರ್ಡಿನ ಪಿನ್ ಸಂಖ್ಯೆಯನ್ನೂ ಕೇಳುತ್ತದೆ. ವಿಳಾಸ ಸರಿ, ಬಣ್ಣ ಸರಿ, ಬೀಗದ ಗುರುತೂ ಸರಿ. ಆದರೆ ಆ ಒಂದು ಖಾನೆ ಮಾತ್ರ ಕಳ್ಳನದು. 2009ರಲ್ಲಿ ಜರ್ಮನಿಯ ಬ್ಯಾಂಕುಗಳ ಗಿರಾಕಿಗಳನ್ನು ಕಾಡಿದ ‘ಯುಆರ್‌ಎಲ್‌ಝೋನ್’ ಎಂಬುದು ಇನ್ನೂ ಮುಂದೆ ಹೋಯಿತು. ಹಣ ತೆಗೆದ ಮೇಲೆ ಪರದೆಯಲ್ಲಿ ಹಳೆಯ ಶಿಲ್ಕನ್ನೇ ತೋರಿಸುತ್ತಿತ್ತು. ಕಳ್ಳ ತಾನೇ ಪಾಸ್‌ಬುಕ್ ಬರೆದುಕೊಟ್ಟಂತೆ!

ಓಟಿಪಿ ಬಂದ ಮೇಲೆ ಕಳ್ಳ ಫೋನನ್ನೂ ಹಿಡಿದ. 2010ರಲ್ಲಿ ಝ್ಯೂಸ್ ತಂಡದ ಮೊಬೈಲು ರೂಪ ಯೂರೋಪಿನಲ್ಲಿ ಕಾಣಿಸಿತು. ಸೋಂಕಿನ ಕಂಪ್ಯೂಟರು ಬ್ಯಾಂಕಿನ ಹೆಸರಿನಲ್ಲಿ ಗಿರಾಕಿಯ ಮೊಬೈಲ್ ನಂಬರು ಕೇಳುತ್ತದೆ, ಆ ನಂಬರಿಗೆ ಒಂದು ಕೊಂಡಿ ಬರುತ್ತದೆ, ಒತ್ತಿದರೆ ಫೋನಿಗೂ ಸೋಂಕು. ಅಲ್ಲಿಗೆ ಎರಡು ಬೀಗದ ಕೈಗಳೂ ಒಂದೇ ಕಿಸೆಗೆ ಬಂದವು, ಆ ಕಿಸೆ ಕಳ್ಳನದು. ಝ್ಯೂಸ್ ಸಂತತಿಯ ‘ಗೇಮ್‌ಓವರ್’ ಜಾಲವನ್ನು 2014ರ ಜೂನಿನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಮುರಿದಾಗ, ಅದರಿಂದಾದ ನಷ್ಟ 10 ಕೋಟಿ ಡಾಲರಿಗೂ ಹೆಚ್ಚು ಎಂದು ಅಮೆರಿಕದ ಎಫ್‌ಬಿಐ ಅಂದಾಜು ಮಾಡಿತು.

ಬ್ಯಾಂಕಿನ ಯಂತ್ರಗಳಿಗೇ ಸೋಂಕು ತಗುಲಿದ ನಿದರ್ಶನಗಳೂ ನಮ್ಮಲ್ಲಿವೆ. 2018ರ ಆಗಸ್ಟಿನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನಿಂದ 94 ಕೋಟಿ ರೂಪಾಯಿಗೂ ಹೆಚ್ಚು ಹೋಯಿತು. ಎಟಿಎಂನಿಂದ ಬರುವ ಕೋರಿಕೆ ಬ್ಯಾಂಕಿನ ಲೆಕ್ಕಕ್ಕೆ ಹೋಗಿ ಒಪ್ಪಿಗೆ ಪಡೆಯಬೇಕು. ಕಳ್ಳರು ನಡುವೆ ತಮ್ಮದೇ ಯಂತ್ರವ್ಯವಸ್ಥೆ ಇಟ್ಟು, ಎಲ್ಲ ಕೋರಿಕೆಗೂ ‘ಒಪ್ಪಿಗೆ’ ಎನ್ನಿಸಿದರು. ಸುಳ್ಳುಸಾಕ್ಷಿ ನಿಜ ಸಾಕ್ಷಿಯ ಕುರ್ಚಿಯಲ್ಲಿ ಕೂತಿತು. 2022ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಪ್ರಧಾನ ಕಚೇರಿಯಿರುವ ಆಂಧ್ರಪ್ರದೇಶ ಮಹೇಶ್ ಸಹಕಾರಿ ಬ್ಯಾಂಕಿನಿಂದ 12 ಕೋಟಿಗೂ ಮಿಕ್ಕಿ ಹಣ ಹೋದಾಗ, ನೌಕರರಿಗೆ ಬಂದ ಕಪಟ ಇ-ಮೇಲುಗಳೇ ಕಳ್ಳರಿಗೆ ಒಳದಾರಿ ಮಾಡಿದವೆಂದು ಪೊಲೀಸ್ ತನಿಖೆಯಲ್ಲಿ ಕಂಡುಬಂತು. ಮರುವರ್ಷ ರಿಸರ್ವ್ ಬ್ಯಾಂಕು ಆ ಬ್ಯಾಂಕಿಗೆ 65 ಲಕ್ಷ ರೂಪಾಯಿ ದಂಡ ವಿಧಿಸಿತು.

ಕೃಷ್ಣಾ ತೀರದಲ್ಲಿ, ಕಡಲ ತೀರದಲ್ಲಿ

ವಿಜಯವಾಡ, ವಿಶಾಖಪಟ್ಟಣಗಳು ಕುತಂತ್ರಾಂಶದ ಹೆಸರನ್ನು ಮನೆಮನೆಯಲ್ಲೂ ಕೇಳಿದ್ದು 2017ರ ಮೇ ತಿಂಗಳಲ್ಲಿ. ವಿಶಾಖಪಟ್ಟಣವನ್ನು ಹಣಕಾಸು ತಂತ್ರಜ್ಞಾನದ ಕೇಂದ್ರವಾಗಿಸುವ ‘ಫಿನ್‌ಟೆಕ್ ವ್ಯಾಲಿ’ ಯೋಜನೆಯನ್ನು ರಾಜ್ಯ ಸರಕಾರ ಹಿಂದಿನ ವರ್ಷವಷ್ಟೇ ಆರಂಭಿಸಿತ್ತು. ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿತು. ಕಡತಗಳಿಗೆ ಬೀಗ ಜಡಿದು, ಬಿಡಿಸಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಒತ್ತೆಹಣ ಕೇಳುವುದು ಇದರ ರೀತಿ. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಭಾರತದಲ್ಲಿ ಮೊದಲು ಸುದ್ದಿಯಾದವರಲ್ಲಿ ಆಂಧ್ರ ಪೊಲೀಸರೂ ಒಬ್ಬರು. ಚಿತ್ತೂರು, ಗುಂಟೂರು, ಶ್ರೀಕಾಕುಳಂ ಜಿಲ್ಲೆಗಳ ಜತೆಗೆ ವಿಶಾಖಪಟ್ಟಣ ಜಿಲ್ಲೆಯ, ಹಾಗೂ ವಿಜಯವಾಡ ಆಗ ಸೇರಿದ್ದ ಕೃಷ್ಣಾ ಜಿಲ್ಲೆಯ ಪೊಲೀಸ್ ಘಟಕಗಳ ಕಂಪ್ಯೂಟರುಗಳಿಗೆ ಸೋಂಕು ತಗುಲಿತ್ತು. ಉಳಿದ ಯಂತ್ರಗಳನ್ನು ಆರಿಸಿಡುವಂತೆ ಇಲಾಖೆ ಸೂಚಿಸಿತು.

ಈ ಘಟನೆಯಲ್ಲಿ ಎರಡು ಪಾಠಗಳಿವೆ. ವಾನಾಕ್ರೈ ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಮಾರ್ಚ್ 14ರಂದೇ, ಅಂದರೆ ಎರಡು ತಿಂಗಳ ಮೊದಲೇ, ಬಿಡುಗಡೆ ಮಾಡಿತ್ತು. ಹಾಕಿಕೊಂಡವರು ಉಳಿದರು. ಇದು ಒಂದು. ಸೋಂಕು ಕಂಡಾಗ ಮೊದಲ ಕೆಲಸ ಯಂತ್ರವನ್ನು ಜಾಲದಿಂದ ಬಿಡಿಸುವುದು, ದುರಸ್ತಿ ಆಮೇಲೆ. ಇದು ಎರಡು. ಪ್ಲೇಗಿನ ಕಾಲದಲ್ಲಿ ನಮ್ಮ ಅಜ್ಜಂದಿರು ಊರು ಬಿಟ್ಟು ಗುಡಿಸಲು ಹಾಕಿಕೊಂಡದ್ದೂ ಇದೇ ತರ್ಕದಿಂದ.

ಆಮೇಲಿನ ವರ್ಷಗಳಲ್ಲಿ ದಾಳಿ ಕಂಪ್ಯೂಟರಿನಿಂದ ಮೊಬೈಲಿಗೆ ತಿರುಗಿತು. 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆ ‘ಡ್ರಿನಿಕ್’ ಬಗ್ಗೆ ಎಚ್ಚರಿಸಿತು. ಆದಾಯ ತೆರಿಗೆಯ ಹಣ ವಾಪಸು ಕೊಡುವ ನೆಪದಲ್ಲಿ ಆ್ಯಪ್ ಹಾಕಿಸಿ, ಎಸ್ಸೆಮ್ಮೆಸ್ ಓದಲು ಅನುಮತಿ ಪಡೆದು, 27ಕ್ಕೂ ಹೆಚ್ಚು ಬ್ಯಾಂಕುಗಳ ಗಿರಾಕಿಗಳಿಗೆ ಅದು ಗಾಳ ಹಾಕಿತ್ತು. 2022ರಲ್ಲಿ ಎಚ್ಚರಿಕೆ ಬಂದ ‘ಸೋವಾ’ ಎಂಬುದಂತೂ ಪ್ರಸಿದ್ಧ ಆ್ಯಪ್‌ಗಳ ಚಿಹ್ನೆ ಧರಿಸಿ ಬರುತ್ತಿತ್ತು. ತೆಗೆದುಹಾಕಲು ಹೋದರೆ ಅಡ್ಡ ನಿಲ್ಲುತ್ತಿತ್ತು. ಸಂಚಾರ ದಂಡದ ಚಲನ್, ಮದುವೆಯ ಕರೆಯೋಲೆ, ಸರಕಾರಿ ಸಹಾಯಧನ ಹೀಗೆ ವೇಷಗಳು ಮಾತ್ರ ಬೇರೆ, ಒಳಗಿರುವುದು ‘ಎಪಿಕೆ’ ಎಂಬ ಕಡತವೇ. ನಮ್ಮ ಜನಪ್ರಿಯ ಕಥೆಯಲ್ಲಿ ರಾವಣ ಲಕ್ಷ್ಮಣರೇಖೆಯನ್ನು ದಾಟಲಿಲ್ಲ, ಸನ್ಯಾಸಿಯ ವೇಷದಲ್ಲಿ ನಿಂತು ಸೀತೆಯೇ ದಾಟುವಂತೆ ಮಾಡಿದ. ಈ ಆ್ಯಪ್ ಮಾಡುವುದೂ ಅದನ್ನೇ. ಅನುಮತಿ ಕೊಡುವ ಬೆರಳು ನಮ್ಮದು.

ನನ್ನ ಮಿತ್ರರ ವಿಷಯದಲ್ಲಿ ನಡೆದದ್ದು ಈಗ ಓದುಗರಿಗೆ ಸ್ಪಷ್ಟವಾಗಿರಬೇಕು. ಬ್ಯಾಂಕಿನ ಆ್ಯಪ್ ಆ ಫೋನಿನಲ್ಲಿ, ಓಟಿಪಿ ಬರುವ ಸಿಮ್ ಆ ಫೋನಿನಲ್ಲಿ, ಪಾಸ್‌ವರ್ಡ್ ಮರೆತರೆ ನೆರವಾಗುವ ಇ-ಮೇಲೂ ಆ ಫೋನಿನಲ್ಲಿ. ಕಳ್ಳನೂ ಅಲ್ಲೇ. ಅವರು ಹೊಸ ಪಾಸ್‌ವರ್ಡನ್ನು ಟೈಪ್ ಮಾಡಿದ್ದು ಕಳ್ಳನ ಕಣ್ಣೆದುರಿಗೇ.

ಕಾನೂನು ಏನು ಹೇಳಿತು

ಹೋದ ಹಣ ಯಾರ ತಲೆಗೆ ಎಂಬ ಪ್ರಶ್ನೆಗೂ ಇತಿಹಾಸವಿದೆ. ಮೊದಲ ವರ್ಷಗಳಲ್ಲಿ ಎಲ್ಲ ಹೊರೆಯೂ ಗಿರಾಕಿಯದೇ ಎಂಬಂತೆ ನಡೆಯಿತು. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆ ಈ ವಿಷಯದಲ್ಲಿ ಮಹತ್ವದ್ದು. ಗಿರಾಕಿಯ ಹೊಣೆಯನ್ನು ರುಜುವಾತುಪಡಿಸುವ ಭಾರ ಬ್ಯಾಂಕಿನದು ಎಂದು ಅದು ಸ್ಪಷ್ಟಪಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲ, ಗಿರಾಕಿಯದೂ ಅಲ್ಲ, ಬೇರೆಲ್ಲೋ ಆಗಿದ್ದರೆ, 3 ಕೆಲಸದ ದಿನಗಳೊಳಗೆ ತಿಳಿಸಿದ ಗಿರಾಕಿಗೆ ನಷ್ಟವಿಲ್ಲ. 4ರಿಂದ 7 ದಿನವಾದರೆ ಸಾಮಾನ್ಯ ಉಳಿತಾಯ ಖಾತೆಗೆ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ಗುಪ್ತ ವಿವರಗಳನ್ನು ತಾನೇ ಹೇಳಿಬಿಡುವಂಥ ಅಜಾಗರೂಕತೆ ಗಿರಾಕಿಯದಾಗಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ಅಂದರೆ ತಪ್ಪು ಯಾರದೇ ಇರಲಿ, ಫೋನು ಮಾಡಿದ ಗಳಿಗೆಗೆ ಬೆಲೆಯಿದೆ.

2025ರ ಜನವರಿ 3ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿದ ಒಂದು ಪ್ರಕರಣವೂ ಇಲ್ಲಿ ಸ್ಮರಣೀಯ. ಅಸ್ಸಾಮಿನ ಗಿರಾಕಿಯೊಬ್ಬರು ವಂಚಕನ ಮಾತು ಕೇಳಿ ಮೊಬೈಲಿನಲ್ಲಿ ಆ್ಯಪ್ ಹಾಕಿಕೊಂಡು 94,000ಕ್ಕೂ ಹೆಚ್ಚು ರೂಪಾಯಿ ಕಳೆದುಕೊಂಡಿದ್ದರು. ಆದರೆ 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. ಸ್ಟೇಟ್ ಬ್ಯಾಂಕು ಆ ಹಣ ಕೊಡಬೇಕೆಂಬ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಸುಪ್ರೀಂ ಕೋರ್ಟು ಬದಲಿಸಲಿಲ್ಲ. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದಿದ್ದರೆ ಅವರ ವಾದ ಅಷ್ಟು ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ.

ಸೋಂಕು ತಗುಲಿದ ಮೇಲೆ

ಇಷ್ಟು ಇತಿಹಾಸದ ಬೆಳಕಿನಲ್ಲಿ ಮಾಡಬೇಕಾದ ಕೆಲಸಗಳ ಕ್ರಮ ತಾನಾಗಿಯೇ ಗೋಚರಿಸುತ್ತದೆ.

ಮೊದಲನೆಯದಾಗಿ, ಸೋಂಕಿನ ಯಂತ್ರವನ್ನು ಜಾಲದಿಂದ ಬಿಡಿಸಬೇಕು. ಕಂಪ್ಯೂಟರಾದರೆ ವೈಫೈ ಅಥವಾ ತಂತಿ ತೆಗೆಯಬೇಕು. ಮೊಬೈಲಾದರೆ ಏರೋಪ್ಲೇನ್ ಗುರುತನ್ನು ಒತ್ತಿ, ವೈಫೈ ಆರಿಸಿ, ಸಿಮ್ ಕಾರ್ಡನ್ನು ಹೊರತೆಗೆದು ಸಾದಾ ಗುಂಡಿ ಫೋನಿಗೆ ಹಾಕುವುದು ಉತ್ತಮ. ಓಟಿಪಿ ಅಲ್ಲಿಗೆ ಬರುತ್ತದೆ, ಕಳ್ಳನಿಗೆ ಕಾಣುವುದಿಲ್ಲ.

ಎರಡನೆಯದು, ಆ ಸಾದಾ ಫೋನಿನಿಂದ ಬ್ಯಾಂಕಿಗೆ ಕರೆ. ನಂಬರನ್ನು ಕಾರ್ಡಿನ ಹಿಂಬದಿಯಿಂದಲೋ ಪಾಸ್‌ಬುಕ್ಕಿನಿಂದಲೋ ನೋಡಿಕೊಳ್ಳಬೇಕು, ಜಾಲದಲ್ಲಿ ಹುಡುಕಬಾರದು. ನೆಟ್‌ಬ್ಯಾಂಕಿಂಗ್, ಯುಪಿಐ, ಕಾರ್ಡು ಮೂರನ್ನೂ ತಡೆಹಿಡಿಸಿ ದೂರಿನ ಸಂಖ್ಯೆ ಬರೆದುಕೊಳ್ಳಬೇಕು. ಹಣ ಹೋಗಿದ್ದರೆ ಒಡನೆಯೇ 1930ಕ್ಕೆ ಕರೆ ಮಾಡಬೇಕು. 2021ರಲ್ಲಿ 155260 ಎಂಬ ಸಂಖ್ಯೆಯಿಂದ ಆರಂಭವಾದ ಸಹಾಯವಾಣಿಯೇ ಇದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ತಡೆಯುವುದು ಇದರ ಕೆಲಸ. ಆದ್ದರಿಂದ ಇಲ್ಲಿ ಗಂಟೆಗಳ ಲೆಕ್ಕ.

ಮೂರನೆಯದು, ಪಾಸ್‌ವರ್ಡ್ ಬದಲಾವಣೆ. ಇದನ್ನು ಸೋಂಕಿಲ್ಲದ ಬೇರೆ ಯಂತ್ರದಿಂದ, ನಂಬಿಕೆಯ ಮನೆಯವರ ಕಂಪ್ಯೂಟರಿನಿಂದ, ಮಾಡಬೇಕು. ಅದರಲ್ಲೂ ಇ-ಮೇಲಿನ ಪಾಸ್‌ವರ್ಡ್ ಮೊದಲು, ಬ್ಯಾಂಕಿನದು ಆಮೇಲೆ. ಇ-ಮೇಲು ಕಳ್ಳನ ಕೈಯಲ್ಲಿದ್ದರೆ ಬ್ಯಾಂಕಿನ ಪಾಸ್‌ವರ್ಡನ್ನು ಅವನು ಮರಳಿ ಬದಲಾಯಿಸಬಲ್ಲ. ಬ್ಯಾಂಕಿನ ವಿಳಾಸವನ್ನು ಕೈಯಾರೆ ಟೈಪ್ ಮಾಡಬೇಕು. 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ‘.ಬ್ಯಾಂಕ್.ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿದ್ದುದು ಗುರುತು ಹಿಡಿಯಲು ಅನುಕೂಲ.

ನಾಲ್ಕನೆಯದು, ಖಾತೆಯ ಒಳಗಿನ ತಪಾಸಣೆ. ನಾವು ಸೇರಿಸದ ಹೊಸ ಪಾವತಿದಾರರ ಹೆಸರಿದೆಯೆ, ನಮ್ಮ ಮೊಬೈಲ್ ನಂಬರು ಬದಲಾಗಿದೆಯೆ, ಮಿತಿ ಏರಿಸಿದ್ದಾರೆಯೆ, ನಿಶ್ಚಿತ ಠೇವಣಿ ಮುರಿದಿದ್ದಾರೆಯೆ ಎಂದು ನೋಡಬೇಕು. ಶಾಖೆಗೆ ಹೋಗಿ ಪಾಸ್‌ಬುಕ್ ಬರೆಸುವುದು ಹಳೆಯ ಪದ್ಧತಿಯಾದರೂ ಸೋಂಕಿನ ಪರದೆಗಿಂತ ನಂಬಲರ್ಹ.

ಐದನೆಯದು, ಯಂತ್ರದ ಶುದ್ಧೀಕರಣ. ದೂರು ದಾಖಲಾಗಿ, ಬಂದ ಸಂದೇಶದ ಚಿತ್ರವನ್ನು ಬೇರೆ ಫೋನಿನಿಂದ ತೆಗೆದಿಟ್ಟುಕೊಂಡ ಮೇಲೆಯೇ ಇದಕ್ಕೆ ಕೈಹಾಕಬೇಕು. ಫೋಟೋ, ಕಾಗದಪತ್ರಗಳನ್ನು ಉಳಿಸಿಕೊಂಡು, ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ತಂತ್ರಾಂಶ ಹಾಕಿಸಬೇಕು. ಒಂದು ಆ್ಯಪ್ ತೆಗೆದು ಸಮಾಧಾನಪಟ್ಟರೆ ಕಳ್ಳ ಅಟ್ಟದಲ್ಲೇ ಉಳಿದಿರಬಹುದು. ಸರಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಸೋಂಕು ತೆಗೆಯುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತ ಬಂದಿದೆ. ಎಲ್ಲ ಮುಗಿದ ಮೇಲೂ ಕೆಲವು ತಿಂಗಳು ಖಾತೆಯ ಮೇಲೆ ಕಣ್ಣಿಟ್ಟಿರಬೇಕು.

ನನ್ನ ಮಿತ್ರರು ಮರುದಿನ ಬೆಳಿಗ್ಗೆಯೇ 1930ಕ್ಕೆ ಕರೆ ಮಾಡಿ, ಶಾಖೆಗೂ ಹೋಗಿ ಬರಹದಲ್ಲಿ ದೂರು ಕೊಟ್ಟಿದ್ದರಿಂದ ಮೂರನೆಯ ಕಂತಿನ ಹಣ ತಡೆಯಲ್ಪಟ್ಟು ವಾಪಸು ಬಂತು. ಉಳಿದದ್ದರ ಬಗ್ಗೆ ಪತ್ರವ್ಯವಹಾರ ನಡೆದಿದೆ. ಮೊನ್ನೆ ಮಾತಾಡಿದಾಗ ಹೇಳಿದರು: “ಬ್ಯಾಂಕಿನ ಸಿಮ್ ಈಗ ಹಳೇ ಗುಂಡಿ ಫೋನಿನಲ್ಲಿ, ಕಪಾಟಿನೊಳಗೆ. ದೊಡ್ಡ ಫೋನಿನಲ್ಲಿ ಬ್ಯಾಂಕಿಲ್ಲ. ದುಡ್ಡು ಕಳಿಸಬೇಕಾದರೆ ಮಗನ ಕಂಪ್ಯೂಟರಿನ ಮುಂದೆ ಕೂತು, ಕಪಾಟಿನ ಫೋನು ತರಿಸುತ್ತೇನೆ. ಸ್ವಲ್ಪ ಹೊತ್ತಾಗುತ್ತದೆ ಮಾರಾಯ್ರೆ.”

ಹೊತ್ತಾಗಲಿ ಎಂದೆ. ಗವರ್ನರ್‌ಪೇಟೆಯ ಭದ್ರಕೋಣೆಯನ್ನು ತೆರೆಯಲು ನಾನು ನನ್ನ ಕೈ ಹಿಡಿದು, ಅವರು ತಮ್ಮ ಕೈ ಹಿಡಿದು ಬರುವ ತನಕ ಎಷ್ಟೋ ಬೆಳಿಗ್ಗೆ ಒಬ್ಬರಿಗಾಗಿ ಇನ್ನೊಬ್ಬರು ಕಾದು ನಿಂತಿದ್ದೇವೆ. ಆ ಕೋಣೆಯಿಂದ ನಮ್ಮ ಕಾಲದಲ್ಲಿ ಒಂದು ರೂಪಾಯಿಯೂ ಹೋಗಲಿಲ್ಲ.